ಹುರುಳಿಯ ಮೇಲೆ ಓಡಿದ ಝೆನ್

ನಟರಾಜಣ್ಣ ನನಗಿಂತ ಏಳು ವರ್ಷ ದೊಡ್ಡವನು. ಅಪ್ಪ ತೀರಿಕೊಂಡಾಗ ಅವನು ಎಸ್ಸೆಸ್ಸೆಲ್ಸಿ ಮುಗಿಸಿದ್ದ ಅಷ್ಟೇ. ಪಿರಿಯಾಪಟ್ಟಣದ ಸುತ್ತಲಿನ ಹಳ್ಳಿಗಳಿಂದ ಹೊಗೆಸೊಪ್ಪು ತುಂಬಿಕೊಂಡು ಹರಾಜಿಗೆ ಹೋಗುವ ಜೀಪಿನಲ್ಲಿ ಮೊದಲು ಕ್ಲೀನರ್, ಆಮೇಲೆ ಡ್ರೈವರ್ ಆದ. ಮಳೆಗಾಲದಲ್ಲಿ ನಮ್ಮೂರಿನ ಕೆಂಪು ಮಣ್ಣಿನ ದಾರಿ ಬೆಣ್ಣೆ ಸವರಿದ ಹಾಗಿರುತ್ತದೆ. ಅಣ್ಣ ಓಡಿಸುವುದು ಕಲಿತದ್ದು ಆ ದಾರಿಯಲ್ಲಿ, ಬರಿಗಾಲಿನಲ್ಲಿ. ಮುಂದೆ ಮೆಕ್ಯಾನಿಕ್ ಕೆಲಸವನ್ನೂ ಕಲಿತು ಟಾರು ರಸ್ತೆಯ ಪಕ್ಕ, ನಮ್ಮ ಮನೆಯ ಎದುರಿಗೇ ತಗಡಿನ ಶೆಡ್ಡು ಹಾಕಿದ. ನನ್ನ ಮದುವೆ ಮಾಡಿ ಸರಗೂರಿಗೆ ಕಳಿಸಿದ. ತನ್ನ ಮದುವೆಯ ಮಾತು ಎತ್ತಿದಾಗೆಲ್ಲ ಯಾವುದಾದರೂ ಗಾಡಿಯ ಕೆಳಗೆ ನುಸುಳಿಕೊಂಡು ಅಲ್ಲಿಂದಲೇ "ಆಮೇಕೆ ನೋಡನ ಬುಡವ್ವ" ಎನ್ನುತ್ತಿದ್ದ.

ಅವನಿಗೆ ಆಸೆ ಎಂದು ಇದ್ದದ್ದು ಒಂದೇ, ಕಾರುಗಳ ರ‍್ಯಾಲಿಯಲ್ಲಿ ಓಡಿಸುವುದು. ಕೊಪ್ಪದಿಂದಾಚೆ ಕಾಫಿ ತೋಟವಿದ್ದ ಉತ್ತಯ್ಯನವರು ಒಂದು ಸಣ್ಣ ರ‍್ಯಾಲಿ ತಂಡ ಇಟ್ಟುಕೊಂಡಿದ್ದರು. ಅವರ ಗಾಡಿಗಳು ಅಣ್ಣನ ಶೆಡ್ಡಿಗೇ ರಿಪೇರಿಗೆ ಬರುತ್ತಿದ್ದವು. 2002ರ ಕೊನೆಯಲ್ಲಿ ಅವರು ಹೇಳಿದ್ದು ಇಷ್ಟು: ಮುಂದಿನ ವರ್ಷಕ್ಕೆ ತಂಡದಲ್ಲಿ ಒಬ್ಬ ಡ್ರೈವರಿಗೆ ಜಾಗವಿದೆ. ಹುಣಸೂರಿನ ಹತ್ತಿರ ಜನವರಿಯಲ್ಲಿ ಮಣ್ಣಿನ ಓಟ ನಡೆಯುತ್ತದೆ. ನಟರಾಜು ನಮ್ಮ ಝೆನ್ ಕಾರು ಓಡಿಸಲಿ, ಮಾದೇಶ ಜಿಪ್ಸಿ ಜೀಪು ಓಡಿಸಲಿ. ಎರಡು ಸುತ್ತು ಸೇರಿಸಿ ಯಾರ ಸಮಯ ಕಡಿಮೆಯೋ ಜಾಗ ಅವರದು.

ಮಾದೇಶ ಅಣ್ಣನ ಜೊತೆ ಹೊಗೆಸೊಪ್ಪು ಹೊತ್ತವನೇ, ಗೆಳೆಯನೇ. ದಿನಾ ಸಂಜೆ ಶೆಡ್ಡಿಗೆ ಬಂದು ಟೈರಿನ ಮೇಲೆ ಕೂರುತ್ತಿದ್ದ.

"ಲೇ ನಟ, ಕೆಸರಲ್ಲಿ ಗಾಡಿ ಊತ್ಕಂಡ್ರೆ ಇನ್ನೊಂದು ಜೊತೆ ಎತ್ತು ಕಟ್ಟಾಕಿಲ್ವೇನ್ಲಾ? ನಂದು ನಾಕೂ ಚಕ್ರ ಎಳೀತದೆ. ನಿಂದು ಮುಂದ್ಲವು ಎರಡೇ. ಇಂದ್ಲವು ಸುಮ್ನೆ ನೆಂಟ್ರಂಗೆ ಬತ್ತವೆ."

"ನಾಕೆತ್ತು ಕಟ್ಟಿದ್ರೆ ನಾಕಕ್ಕೂ ಮೇವಾಕ್ಬೇಕು ಕಣ್ಲಾ. ನಿನ್ ಗಾಡಿ ತೂಕ ನೋಡು. ತಿರುವು ಬಂದ್ರೆ ಸಂತೆಯಿಂದ ವಾಪಸ್ ಬರೋ ಕುಡುಕ್ನಂಗೆ ವಾಲ್ತದೆ."

"ವಾಲ್ಲಿ ಬುಡ್ಲಾ. ಕುಡುಕ ಎಂಗೋ ಮನೆ ಸೇರ್ತಾನೆ."

ನಾನು ಬಾಣಂತನಕ್ಕೆ ಬಂದು ಅಲ್ಲೇ ಇದ್ದೆ. ಪಾಪುವಿಗೆ ಆಗ ಆರು ತಿಂಗಳು. ಲಸಿಕೆಯ ತಾರೀಕು, ಜ್ವರ, ರಾಗಿ ಮಣ್ಣಿ ಶುರು ಮಾಡಿದ ದಿನ ಎಲ್ಲ ಬರೆದಿಡುತ್ತಿದ್ದ ಡೈರಿಯಲ್ಲಿ ಅಣ್ಣನ ಮಾತುಗಳೂ ಸೇರಿಕೊಂಡಿವೆ. ಡಿಸೆಂಬರ್ 19ರಂದು ಹೀಗೆ ಬರೆದಿದ್ದೇನೆ: "ಪಾಪು ಚಾಪೆಯ ಮೇಲೆ ಕೈಯೂರಿ ತೆವಳಿದಳು. ಕಾಲು ಎಳೆದುಕೊಂಡು ಬಂದವು. ಅಣ್ಣ ನಕ್ಕು, 'ನೋಡಮ್ಮಿ, ನಿನ್ ಮಗ್ಳೂ ನಮ್ ಝೆನ್ನೇ, ಕೈಯಾಗೇ ಎಳ್ಕಬೇಕು, ಕೈಯಾಗೇ ತಿರುಗ್ಬೇಕು' ಅಂದ." ಝೆನ್ನಿನ ಕಷ್ಟವೂ ಅದೇ ಎಂದು ಅವನು ವಿವರಿಸಿದ್ದ. ಎಳೆಯುವ ಚಕ್ರವೇ ತಿರುಗಿಸುವ ಚಕ್ರವೂ ಆದ್ದರಿಂದ ತಿರುವಿನಲ್ಲಿ ಆಸೆಬಿದ್ದು ಕಾಲೊತ್ತಿದರೆ ಗಾಡಿ ಮಾತು ಕೇಳದೆ ನೇರವಾಗಿ ಹೋಗಿಬಿಡುತ್ತದೆ. ಎಲ್ಲಿ ಕಾಲೆತ್ತಬೇಕೆಂದು ತಿಳಿದವನಿಗೆ ಮಾತ್ರ ಎರಡು ಚಕ್ರ ಸಾಕು. ತನಗೆ ತಿಳಿದಿದೆ ಎನ್ನುವುದು ಅವನ ನಂಬಿಕೆ. ನನ್ನದೂ ಅದೇ.

ಓಟ ಇದ್ದದ್ದು ಭಾನುವಾರ. ಶನಿವಾರ ಬೆಳಿಗ್ಗೆ ಅವ್ವ ಎಲ್ಲರ ಹಾಗೆಯೇ ನಮ್ಮ ಹುರುಳಿಯನ್ನೂ ಟಾರು ರಸ್ತೆಗೆ ಹರಡಿದ್ದಳು. ನಮ್ಮ ಕಡೆ ಒಕ್ಕಣೆ ಈಗ ಹಾಗೆಯೇ. ಬಸ್ಸು ಲಾರಿಗಳು ಮೇಲೆ ಹಾದು ಹಾದು ಕಾಯಿ ಒಡೆಯುತ್ತವೆ. ಸಂಜೆಗೆ ಹೊಟ್ಟು ತೂರಿ ಕಾಳು ತುಂಬಿಕೊಂಡರೆ ಆಯಿತು. ಆದರೆ ಅವತ್ತು ಯಾವುದೋ ಬಂದ್ ಎಂದು ಗಾಡಿಗಳೇ ಬರಲಿಲ್ಲ. ಮೂರು ಗಂಟೆಯ ಹೊತ್ತಿಗೆ ಕಾಲವಲ್ಲದ ಕಾಲದಲ್ಲಿ ಪಡುವಣ ಕಪ್ಪಾಯಿತು. ಅವ್ವ ದೊಣ್ಣೆ ಹಿಡಿದು ಒಬ್ಬಳೇ ಬಡಿಯುತ್ತಿದ್ದಳು. ಅವಳ ಮೊಣಕೈ ಮೊದಲೇ ನೋವಿನದು. ಪಾಪುವನ್ನು ಸೊಂಟದ ಮೇಲಿಟ್ಟುಕೊಂಡು, ಝೆನ್ ನಿಂತಿದ್ದ ಶೆಡ್ಡಿಗೆ ಹೋದವಳು ನಾನು.

"ಅಣ್ಣ, ಮಳೆ ಬಂದ್ರೆ ಅಷ್ಟೂ ಮುಗ್ಗಲಾಗೋಯ್ತದೆ. ಝೆನ್ ತಂದು ನಾಕು ಸಲ ಹಿಂದಕ್ಕೂ ಮುಂದಕ್ಕೂ ಓಡಿಸ್ಬುಡು."

"ನಾಳೆ ಓಟ ಐತಲ್ಲಮ್ಮಿ. ಗಾಡಿ ತಗ್ಗೈತೆ, ಸೊಪ್ಪು ಸುತ್ಕತದೆ. ಅದೂ ನಮ್ ಗಾಡಿ ಅಲ್ಲ, ಉತ್ತಯ್ಯನವರ್ದು."

"ಅವ್ವನ ಕೈ ನೋಡು ಒಂದ್ಸಲ."

ಅವನು ನೋಡಿದ. ಕೀಲಿ ತೆಗೆದುಕೊಂಡ. ನಾಲ್ಕು ಸಲವಲ್ಲ, ಇಪ್ಪತ್ತು ಸಲವಾದರೂ ಓಡಿಸಿರಬೇಕು. ಕಾಳು ಪಟಪಟನೆ ಸಿಡಿಯುತ್ತಿದ್ದರೆ ಪಾಪು ಕೇಕೆ ಹಾಕಿದಳು. ನಾವು ಕೊನೆಯ ಚೀಲ ಒಳಗೆ ಎಳೆಯುವಾಗ ಮಳೆ ಸುರಿಯಿತು. ಚಕ್ರಕ್ಕೆ ಸುತ್ತಿದ್ದ ಬಳ್ಳಿಯನ್ನು ಅಣ್ಣ ನೆನೆಯುತ್ತಲೇ ಕಿತ್ತು ಹಾಕಿದ. ಗಾಡಿಯನ್ನು ಜಾಕಿನ ಮೇಲೆ ಎತ್ತಿ ಕೆಳಗೆ ಮಲಗಿ ನೋಡಬೇಕಿತ್ತು, ಯಾವತ್ತೂ ನೋಡುತ್ತಿದ್ದ. ಅವತ್ತು ಶೆಡ್ಡಿನೊಳಗೆ ಕಣಕಾಲುದ್ದ ನೀರು ನುಗ್ಗಿತ್ತು. "ಬಾ ಮಗ, ಜ್ವರ ಬಂದ್ರೆ ನಾಳೆ ಏನ್ ಓಡುಸ್ತೀಯ" ಎಂದು ಅವ್ವ ಕರೆದಳು. ಬಂದುಬಿಟ್ಟ.

ಮರುದಿನ ಪಾಪುವಿಗೆ ಟೋಪಿ ಹಾಕಿ, ಫ್ಲಾಸ್ಕಿನಲ್ಲಿ ಬಿಸಿನೀರು ತುಂಬಿಕೊಂಡು ನಾನೂ ಹುಣಸೂರಿನ ಬಸ್ಸು ಹತ್ತಿದೆ. ಹೊಗೆಸೊಪ್ಪು ಮುಗಿದ ಬಯಲು ಹೊಲಗಳಲ್ಲಿ ಮೂರು ಕಿಲೋಮೀಟರಿನ ದಾರಿ ಮಾಡಿದ್ದರು. ರಾತ್ರಿಯ ಮಳೆಗೆ ಅದೆಲ್ಲ ರಾಡಿಯಾಗಿತ್ತು. ಕೆಸರು ಅಂದ ಮೇಲೆ ಜಿಪ್ಸಿಯೇ ಎಂದು ನಿಂತವರೆಲ್ಲ ಹೇಳುತ್ತಿದ್ದರು.

ಮಾದೇಶ ಮೊದಲು ಓಡಿಸಿದ. ಮೂರು ನಿಮಿಷ ನಲವತ್ತನಾಲ್ಕು ಸೆಕೆಂಡು. ಆಮೇಲೆ ಅಣ್ಣ. ಅವನು ತಿರುವಿಗೆ ಬಹಳ ಮುಂಚೆಯೇ ಕಾಲೆತ್ತಿ, ಗಾಡಿಯ ಮೂತಿ ಒಳಗೆ ತಿರುಗಿದ ಮೇಲಷ್ಟೇ ಮತ್ತೆ ಒತ್ತುತ್ತಿದ್ದ. ಒಂದು ಕಡೆಯೂ ಚಕ್ರ ಸುಮ್ಮನೆ ಗಿರಗುಟ್ಟಲಿಲ್ಲ. ಮೂರು ನಿಮಿಷ ನಲವತ್ತೊಂದು. ನನ್ನ ಪಕ್ಕದಲ್ಲಿದ್ದ ಮುದುಕರೊಬ್ಬರು, "ಯಾರವ್ವ ಆ ಮಗ, ನೆಲಕ್ಕೆ ನೋವಾಗದಂಗೆ ಓಡುಸ್ತಾನಲ್ಲ" ಎಂದರು. ನಮ್ಮಣ್ಣ ಎಂದೆ.

ಗಾಡಿ ವಾಪಸ್ಸು ತಿರುಗಿಸಿಕೊಂಡು ಬರುವಾಗ ಟಕ್ ಟಕ್ ಎಂದು ಸದ್ದಾಯಿತು. ನನಗೂ ಕೇಳಿಸಿತು. ಅಣ್ಣ ಇಳಿದು ಕೆಳಗೆ ತೂರಿದ. ನಾನು ಹತ್ತಿರ ಹೋಗಿ ಬಗ್ಗಿದೆ. ಮುಂದಿನ ಎಡಚಕ್ರಕ್ಕೆ ಬಲ ಒಯ್ಯುವ ಆಕ್ಸಲ್ಲಿಗೆ ಹುರುಳಿ ಬಳ್ಳಿ ಹಗ್ಗ ಹೊಸೆದ ಹಾಗೆ ಬಿಗಿದುಕೊಂಡಿತ್ತು. ಆಕ್ಸಲ್ ತುದಿಯ ಕೀಲನ್ನು ಮುಚ್ಚುವ ರಬ್ಬರ್ ಬೂಟು ಹರಿದು, ಗ್ರೀಸೆಲ್ಲ ಹೊರಗೆ ಚೆಲ್ಲಿ, ಒಳಗೆ ಮಣ್ಣು ಸೇರಿತ್ತು.

"ಇದು ಓಡಲ್ವಾ ಅಣ್ಣ?"

"ಒಂದು ಸುತ್ತು ತಾನೇ."

"ಉತ್ತಯ್ಯನವರಿಗೆ ಹೇಳು."

"ಏನಂತ ಹೇಳ್ಲಿ? ನಿಮ್ ಕಾರಲ್ಲಿ ನಮ್ಮವ್ವ ಹುರುಳಿ ಒಕ್ಸುದ್ಲು ಅಂತ್ಲಾ? ಸುಮ್ಕಿರು."

ಬಳ್ಳಿಯನ್ನು ಕತ್ತರಿಸಿ ಮುದ್ದೆ ಮಾಡಿ ಪ್ಯಾಂಟಿನ ಜೇಬಿಗೆ ತುರುಕಿಕೊಂಡ. ಆಗಲೇ ಉತ್ತಯ್ಯನವರು ಬಂದರು.

"ಸದ್ದು ಬಂತಲ್ಲ ನಟರಾಜು, ಏನದು?"

"ಏನಿಲ್ಲ ಸಾರ್. ಕಲ್ಲು ಸಿಕ್ಕಂಡಿತ್ತು."

ಅವರು ಒಂದು ಕ್ಷಣ ಅವನ ಮುಖ ನೋಡಿ ಹೊರಟುಹೋದರು.

ಎರಡನೆಯ ಸುತ್ತಿನಲ್ಲಿ ಮೂರನೆಯ ತಿರುವಿನ ತನಕ ಎಲ್ಲ ಸರಿಯಾಗಿತ್ತು. ಅಲ್ಲಿ ದಾರಿ ಮೇಲಕ್ಕೆ ಏರುತ್ತದೆ. ಅಣ್ಣ ಒತ್ತಿದ, ಏನೋ ಮುರಿದ ಶಬ್ದವಾಯಿತು. ಎಂಜಿನ್ನು ಕೂಗುತ್ತಲೇ ಇತ್ತು, ಗಾಡಿ ಮಾತ್ರ ನಿಂತಲ್ಲೇ ನಿಂತು, ಆಮೇಲೆ ಮೆಲ್ಲಗೆ ಹಿಂದಕ್ಕೆ ಜಾರಿತು. ಮುಂದಿನ ಒಂದು ಆಕ್ಸಲ್ ಹೋದರೆ ಝೆನ್ನಿಗೆ ಎಳೆಯುವವರು ಯಾರೂ ಇಲ್ಲ. ಎಂಜಿನ್ನಿನ ಬಲವೆಲ್ಲ ಆ ಮುರಿದ ಕಡೆಗೇ ಸೋರಿಹೋಗುತ್ತದೆ. ಜಿಪ್ಸಿಯಾಗಿದ್ದರೆ ಹಿಂದಿನ ಚಕ್ರಗಳಾದರೂ ತಳ್ಳಿಕೊಂಡು ಬರುತ್ತಿದ್ದವು. ತನ್ನ ಎರಡನೆಯ ಸುತ್ತು ಮೊದಲೇ ಮುಗಿಸಿದ್ದ ಮಾದೇಶ, ಗೆದ್ದವನ ಕಳೆಯೇ ಇಲ್ಲದೆ ಹೋಗಿ, ಝೆನ್ನಿಗೆ ಹಗ್ಗ ಕಟ್ಟಿ ಎಳೆದು ತಂದ. ಅವತ್ತು ಅವನು ಅಣ್ಣನನ್ನು ರೇಗಿಸಲಿಲ್ಲ.

ನನಗೆ ತಡೆಯಲಾಗಲಿಲ್ಲ. ಅಣ್ಣ ಹಗ್ಗ ಬಿಚ್ಚುವುದರಲ್ಲಿದ್ದಾಗ ಮಗುವನ್ನೆತ್ತಿಕೊಂಡು ಉತ್ತಯ್ಯನವರ ಹತ್ತಿರ ಹೋಗಿ ಎಲ್ಲ ಹೇಳಿದೆ. ಹುರುಳಿ, ಮಳೆ, ಅವ್ವನ ಕೈ. ಕೇಳಿದ್ದು ನಾನು, ತಪ್ಪು ನನ್ನದು, ಇನ್ನೊಂದು ಅವಕಾಶ ಕೊಡಿ ಎಂದೆ.

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

"ಹುರುಳಿ ಒಕ್ಕಿದ್ದಕ್ಕೆ ನನಗೇನೂ ಬೇಜಾರಿಲ್ಲಮ್ಮ. ನಮ್ಮ ಊರಲ್ಲೂ ಭತ್ತ ಕಾಫಿ ಎಲ್ಲ ರಸ್ತೆ ಮೇಲೇ ಒಣಗೋದು. ನಾನು ಬಂದು ಕೇಳಿದೆನಲ್ಲ, ಆಗ ಹೇಳಿದ್ದರೆ ಅವನನ್ನು ನಿಲ್ಲಿಸಿ, ಇನ್ನೊಂದು ಭಾನುವಾರ ಇಬ್ಬರನ್ನೂ ಓಡಿಸ್ತಿದ್ದೆ. ಓಡಿಸೋದರಲ್ಲಿ ಅವನೇ ಮೇಲು, ಅದು ನನಗೂ ಕಂಡಿದೆ. ಆದರೆ ನಮ್ಮ ಗಾಡಿಯಲ್ಲಿ ಡ್ರೈವರ್ ಪಕ್ಕದಲ್ಲಿ ಇನ್ನೊಬ್ಬ ಕೂತು ದಾರಿ ಹೇಳ್ತಾನೆ. ಮುರಿಯುತ್ತೆ ಅಂತ ಗೊತ್ತಿದ್ದೂ ಹೇಳದೆ ಇರೋನ ಪಕ್ಕ ನಾನು ಯಾರನ್ನ ಕೂರಿಸಲಿ?"

ಆ ಜಾಗ ಮಾದೇಶನದಾಯಿತು. ಆಕ್ಸಲ್ ಹೇಗೆ ಮುರಿಯಿತೆಂದು ಅವ್ವ ಕೇಳಿದಾಗ ಅಣ್ಣ, "ಅಳೇದು ಕಣವ್ವ" ಎಂದ. ಝೆನ್ನನ್ನು ಅವನೇ ಸರಿಮಾಡಿ, ತೊಳೆದು, ಉತ್ತಯ್ಯನವರ ತೋಟಕ್ಕೆ ಬಿಟ್ಟುಬಂದ. ಮತ್ತೆ ಆ ತೋಟದ ಗಾಡಿಗಳು ಶೆಡ್ಡಿಗೆ ಬರಲಿಲ್ಲ. ಅವರು ಕಳಿಸಲಿಲ್ಲವೋ, ಇವನೇ ಬೇಡವೆಂದನೋ ಗೊತ್ತಿಲ್ಲ. ವರ್ಷದೊಳಗೆ ಶೆಡ್ಡಿಗೆ ಬೀಗ ಬಿತ್ತು.

ಈಗ 2006. ಅಣ್ಣ ಬೀಚನಹಳ್ಳಿಯ ಅಣೆಕಟ್ಟಿನ ಹತ್ತಿರದ ಒಂದು ರೆಸಾರ್ಟಿನಲ್ಲಿ ಜೀಪು ಓಡಿಸುತ್ತಾನೆ. ಖಾಕಿ ಬಟ್ಟೆ, ಕಾಲಿಗೆ ಬೂಟು. ಪ್ರವಾಸಿಗರನ್ನು ಕೂರಿಸಿಕೊಂಡು ಇಪ್ಪತ್ತು ಕಿಲೋಮೀಟರ್ ವೇಗದ ಮೇಲೆ ಹೋಗುವ ಹಾಗಿಲ್ಲ. ಸರಗೂರಿನಿಂದ ನನಗೆ ಹತ್ತಿರ, ತಿಂಗಳಿಗೊಮ್ಮೆ ಚಟ್ನಿಪುಡಿ, ಒಗೆದ ಬನಿಯನ್ನು ಕೊಟ್ಟುಬರುತ್ತೇನೆ. ಮಾದೇಶ ಎಲ್ಲೋ ಮೂರನೆಯವನಾಗಿ ಬಂದ ಸುದ್ದಿಯನ್ನು ಹೋದ ವಾರ ನಾನೇ ಹೇಳಿದೆ.

"ಅವನು ಯೋಳ್ತಿದ್ದದ್ದೇ ಸರಿ ಕಣಮ್ಮಿ" ಎಂದ. "ನಾಕೂ ಎಳೀಬೇಕು. ಎರಡ್ರಲ್ಲೇ ಆಯ್ತದೆ ಅಂತ ನಾನು ಮೆರೆದೆ. ಅವತ್ತು ನಂತಾವೂ ಜಿಪ್ಸಿ ಇದ್ದಿದ್ರೆ ಮುರುದ್ರೂ ಮನೆ ಸೇರ್ತಿದ್ದೆ."

ಹಾಗಲ್ಲ ಎನ್ನಬೇಕಿತ್ತು. ಓಡಿಸುವುದರಲ್ಲಿ ನೀನೇ ಮೇಲು ಎಂದು ಉತ್ತಯ್ಯನವರು ನನ್ನೆದುರು ಹೇಳಿದ್ದರು ಎನ್ನಬೇಕಿತ್ತು. ಅಷ್ಟು ಹೇಳಿದರೆ, ಮತ್ತೇಕೆ ಕೊಡಲಿಲ್ಲ ಎಂದು ಕೇಳುತ್ತಾನೆ. ಆಕ್ಸಲ್ ಮುರಿದದ್ದರಿಂದ ಹೋಯಿತು ಎಂದುಕೊಂಡು ಇಷ್ಟು ದಿನ ಹೇಗೋ ಊಟ ಮಾಡಿದ್ದಾನೆ, ನಿದ್ದೆ ಮಾಡಿದ್ದಾನೆ. ಅವತ್ತು ಅವರು ಕೇಳಿದಾಗ ಒಂದು ಮಾತು ಹೇಳಿದ್ದರೆ ಜಾಗ ಉಳಿಯುತ್ತಿತ್ತು ಎಂದು ಗೊತ್ತಾದರೆ ಅದನ್ನೂ ಮಾಡಲಾರ.

"ಹೂಂ ಅಣ್ಣ, ನಾಕೇ ಸರಿ" ಎಂದೆ. ಅವನು ತಲೆಯಾಡಿಸಿ, ಪ್ರವಾಸಿಗರು ಕಾಯುತ್ತಿದ್ದ ಕಡೆಗೆ ಹೋದ.