ನಾನು ಹೊಡೆದ ಲಾಂಗ್ ಬೆಲ್

ಗೆಳೆಯರೇ, ಮೈಸೂರಿನ ನಮ್ಮ ಹಳೇ ಹೈಸ್ಕೂಲು ಇವತ್ತು ಬೆಳಿಗ್ಗೆ ಹನ್ನೊಂದಕ್ಕೇ ಬಿಟ್ಟಿತು. ಬಿಡಿಸಿದವನು ನಾನು.

ಹಳೆಯ ವಿದ್ಯಾರ್ಥಿಗಳ ಸಂಘ ಶುರು ಮಾಡೋಣವೆಂದು ನಾವು ನಾಲ್ವರು ಹೆಡ್‌ಮಿಸ್ಸನ್ನು ಕಾಣಲು ಹೋಗಿದ್ದೆವು. ಜಗಲಿಯಲ್ಲಿ ಕಾಯುವಾಗ ಗಂಟೆಯೆಂದು ತೂಗುಹಾಕಿದ್ದ ಅದೇ ರೈಲು ಕಂಬಿಯ ತುಂಡು, ಅದೇ ಸುತ್ತಿಗೆ ಕಂಡವು. ದಟ್ಟಗಳ್ಳಿಯ ಮಹದೇವ ಮೊಬೈಲು ತೆಗೆದು, "ಹೊಡಿಯೋ, ವಿಡಿಯೊ ಮಾಡಿ ಗ್ರೂಪಿಗೆ ಹಾಕ್ತೀನಿ" ಅಂದ. ನಾನು ಒಂದೇ ಸಮನೆ ಬಾರಿಸಿದೆ. ಹಾಗೆ ಬಾರಿಸಿದರೆ ಲಾಂಗ್ ಬೆಲ್, ಅಂದರೆ ಮನೆಗೆ ಹೊರಡಿ ಎಂದರ್ಥ. ಅದು ಕೈಗೆ ನೆನಪಿತ್ತು, ತಲೆಗೆ ಹೊಳೆಯಲಿಲ್ಲ.

ಎಲ್ಲ ಕೋಣೆಗಳಿಂದಲೂ ಮಕ್ಕಳು ಬ್ಯಾಗು ಹಾಕಿಕೊಂಡು ಗೇಟಿನತ್ತ ಓಡಿದರು. ಹೊರಗೆ ಸಿಟಿ ಬಸ್ಸು ಓಡಾಡುವ ರಸ್ತೆ. ನಾವು ನಾಲ್ವರೂ ಓಡಿಹೋಗಿ ಗೇಟಿನಲ್ಲಿ ಕೈ ಅಡ್ಡ ಚಾಚಿ ನಿಂತೆವು. ನನ್ನ ಕಂಕುಳಡಿ ನುಸುಳಿದ ಹುಡುಗಿಯೊಬ್ಬಳನ್ನು ಬ್ಯಾಗು ಹಿಡಿದು ಹಿಂದಕ್ಕೆಳೆದೆ. ಬಸ್ಸು ಅವಳ ಮುಂದೆಯೇ ಹಾದುಹೋಯಿತು.

ಹೆಡ್‌ಮಿಸ್ ಬಂದರು. ದನಿ ಏರಿಸಲಿಲ್ಲ. "ಟೆಸ್ಟ್ ನಡೀತಿತ್ತು. ನೀವು ಬಂದಿದ್ದು ಯಾತಕ್ಕೆ?"

"ಸ್ಕೂಲ್ ಜೊತೆ ಸಂಪರ್ಕ ಇಟ್ಕೊಳೋಣ ಅಂತ, ಮೇಡಂ."

"ಇಟ್ಕೊಳ್ಳಿ. ಸೋಮವಾರ ಈ ಟೆಸ್ಟ್ ಮತ್ತೆ ಮಾಡ್ಬೇಕು. ನಾಲ್ಕೂ ಜನ ಸೂಪರ್‌ವಿಶನ್‌ಗೆ ಬನ್ನಿ."

ತಲೆಯಾಡಿಸಿ ಬಂದೆವು. ಒಂಬತ್ತೂವರೆಗೆ ಪ್ರಾರ್ಥನೆಯಂತೆ, ತಡವಾದರೆ ಗೇಟು ಹಾಕುತ್ತಾರಂತೆ. ಆ ಗೇಟನ್ನು ಇವತ್ತೇ ಹಾಕಿದ್ದರೆ ನಾವೂ ಒಳಗೆ ಹೋಗುತ್ತಿರಲಿಲ್ಲ, ಮಕ್ಕಳೂ ಹೊರಗೆ ಓಡುತ್ತಿರಲಿಲ್ಲ.