ಅಕ್ಕನ ಬದಲು ನಾನು ಕೂತ ಮಣೆ

ಸಾದಲಿಯಲ್ಲಿರುವ ಅಕ್ಕನ ಮನೆಗೆ ಹೋದಾಗ ನಾನು ಅಡುಗೆಮನೆ ಬಾಗಿಲ ಕಡೆ ನೋಡುವುದಿಲ್ಲ. ಅಲ್ಲಿ ಅಕ್ಕ ನಿಂತಿರುತ್ತಾರೆ. ಅಕ್ಕ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ತೀರಿಕೊಂಡು ಆರು ವರ್ಷವಾಯಿತು. ಹೆದರಿಕೆ ಎನ್ನಿ, ನಾಚಿಕೆ ಎನ್ನಿ, ನನಗೆ ಎರಡೂ ಇವೆ.

ಮಕ್ಕಳಾಗುವ ಮೊದಲೇ ಗಂಡನನ್ನು ಕಳೆದುಕೊಂಡ ಅಕ್ಕ, ನಗರಗೆರೆಯಲ್ಲಿದ್ದ ತಮ್ಮನ ಎರಡು ವರ್ಷದ ಮಗಳನ್ನು ದತ್ತು ತೆಗೆದುಕೊಂಡರು. ಶಾಸ್ತ್ರದ ದಿನ ಮಣೆ ಹಾಕಿದಾಗ, ವಿಧವೆ ಶುಭಕಾರ್ಯದಲ್ಲಿ ಮುಂದೆ ಬರಬಾರದೆಂದು ಹಿರಿಯರು ಗೊಣಗಿದರು.

"ನೀನೇ ಕೂತ್ಕೊಳಮ್ಮ. ನಿನ್ನ ಮಡ್ಲಿಗೆ ಹಾಕಿದ್ರೆ ನಂಗೆ ಹಾಕ್ದಂಗೇ," ಎಂದು ಅಕ್ಕ ಆ ಬಾಗಿಲ ಹಿಂದೆ ಸರಿದರು.

ರೇಷ್ಮೆ ಸೀರೆಯುಟ್ಟು ಜಂಬದಿಂದ ಕೂತೆ. ಮಗುವಿನ ಹೆತ್ತವರು ಅದನ್ನು ನನ್ನ ಮಡಿಲಿಗೆ ಹಾಕಿದರು, ಫೋಟೋ ತೆಗೆದರು. ಆಮೇಲೆ ನಾನೇ ಒಳಗೆ ಹೋಗಿ ಮಗುವನ್ನು ಅಕ್ಕನ ಕೈಗೆ ಕೊಟ್ಟೆ. ಅದರ ಫೋಟೋ ಯಾರೂ ತೆಗೆಯಲಿಲ್ಲ. ದತ್ತುಪತ್ರ ಮಾಡಿಸಬೇಕೆಂದು ಯಾರಿಗೂ ಹೊಳೆಯಲೂ ಇಲ್ಲ.

ಅಕ್ಕ ಹೋದ ಮೇಲೆ ನನ್ನ ಗಂಡ ಶಿಡ್ಲಘಟ್ಟದ ಕೋರ್ಟಿಗೆ ಹೋದರು. ದತ್ತು ನಡೆದೇ ಇಲ್ಲ, ಅಕ್ಕನ ಮನೆ, ಹಿಪ್ಪುನೇರಳೆ ತೋಟ ಎಲ್ಲ ತಮಗೇ ಸೇರಬೇಕು ಎಂಬುದು ಅವರ ವಾದ. ಪತ್ರವಿಲ್ಲದ ಮೇಲೆ, ಅಕ್ಕ ಮಗುವನ್ನು ಕೈಯಾರೆ ತೆಗೆದುಕೊಂಡರು ಎಂದು ಕಂಡವರು ಹೇಳಿದರೆ ಮಾತ್ರ ದತ್ತು ನಿಲ್ಲುತ್ತಿತ್ತು. ಸಾಕ್ಷಿಗೆ ನನ್ನನ್ನೇ ಕರೆದರು. ಬರುವುದಿಲ್ಲ ಎನ್ನುವಷ್ಟು ಗಟ್ಟಿಗಿತ್ತಿ ನಾನಾಗಿರಲಿಲ್ಲ.

ನಮ್ಮ ವಕೀಲರು ಫೋಟೋ ತೋರಿಸಿ, ಮಗು ಯಾರ ಮಡಿಲಲ್ಲಿದೆ ಎಂದು ಕೇಳಿದರು. ನನ್ನ ಮಡಿಲಲ್ಲಿ ಎಂದೆ. ಅದು ನಿಜ. ಹುಡುಗಿಯ ಕಡೆಯ ವಕೀಲರು ಎದ್ದು, "ಆಮೇಲೆ ಮಗುನ ಯಾರಿಗೆ ಕೊಟ್ರಮ್ಮ?" ಎಂದರು. ಗಂಡ ಎದುರಿಗೇ ಕೂತಿದ್ದರು.

"ನೆನಪಿಲ್ಲ ಸ್ವಾಮಿ," ಎಂದೆ.

ನೆನಪಿತ್ತು. ಮಗುವನ್ನು ತೆಗೆದುಕೊಳ್ಳುವ ಮೊದಲು ಅಕ್ಕ ಒದ್ದೆ ಕೈಯನ್ನು ಸೆರಗಿಗೆ ಎರಡು ಸಲ ಒರೆಸಿಕೊಂಡದ್ದೂ ನೆನಪಿತ್ತು.

ತೀರ್ಪು ನಮ್ಮ ಕಡೆ ಆಯಿತು. ಹುಡುಗಿ ಈಗ ಚಿಂತಾಮಣಿಯಲ್ಲಿ ಟೀಚರ್. ಮನೆ ಖಾಲಿ ಮಾಡಿ, ಬೀಗದಕೈ ಕೊಡಲು ಅವಳೇ ಬಂದಳು. ಬೈಯಲಿ ಎಂದು ಕಾದೆ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

"ಚಿಕ್ಕಮ್ಮ, ಮುಂದಿನ ವಾರ ಅಮ್ಮನ ತಿಥಿ," ಎಂದಳು. "ಕೋರ್ಟಲ್ಲಿ ನಾನು ಮಗಳಲ್ಲ ಅಂದ್ಬಿಟ್ರಲ್ಲ. ಎಡೆ ನಾನು ಇಡಬಹುದಾ, ಇಲ್ಲ ನೀವೇ ಇಡ್ತೀರಾ?"