ಎರಕೊಳ್ಳೋಕೆ ಹರಿಹರಕ್ಕೆ

ನಮ್ಮ ಬಚ್ಚಲಮನೆಯ ಗೂಡಿನ ತುಂಬ ಮಗಳ ಶಾಂಪೂ ಬಾಟಲಿಗಳು. ಈರುಳ್ಳಿಯದೊಂದು, ಕಾಫಿಯದೊಂದು, ಅಡುಗೆಮನೆಯೇ ಎದ್ದು ಬಂದು ಅಲ್ಲಿ ಕೂತಂತಿದೆ. ಇವತ್ತು ಬೆಳಿಗ್ಗೆ 'ಸೀಗೆ' ಎಂದು ಬರೆದಿದ್ದ ಒಂದರ ಮುಚ್ಚಳ ತೆಗೆದು ಮೂಸಿದೆ. ಚಾಕೊಲೇಟಿನ ವಾಸನೆ! ನಮ್ಮತ್ತೆ ಇದನ್ನು ಮೂಸಿದರೆ ಏನಂದಾರು ಎಂದು ನಗು ಬಂತು.

ಅತ್ತೆಯ ಕೂದಲಿನ ಕಥೆ ನಿಮಗೆ ಹೇಳಲೇಬೇಕು. ನಾನು ಮಾಯಕೊಂಡದಿಂದ ಸೊಸೆಯಾಗಿ ಬಂದಾಗಲೇ ಅವರಿಗೆ ವಯಸ್ಸಾಗಿತ್ತು. ಕೂದಲಿಗೆ ಮಾತ್ರ ಅದು ಗೊತ್ತಿರಲಿಲ್ಲ. ಕಪ್ಪನೆಯ, ಕೈತುಂಬ ತುರುಬು. ಪಕ್ಕದಲ್ಲಿ ನಿಂತರೆ ನನ್ನದು ಇಲಿಬಾಲ.

ಹರಿಹರದಲ್ಲಿರುವ ಅವರ ತಂಗಿ, ಅಂದರೆ ನಮ್ಮ ಚಿಕ್ಕತ್ತೆ, ಒಂದು ಮದುವೆಯಲ್ಲಿ ಎಲ್ಲರೆದುರು ಕೇಳಿಬಿಟ್ಟರು: "ಅಕ್ಕ, ಯಾವ ಬಣ್ಣ ಹಚ್ಚೀಯೇ? ನಂಗೂ ಹೇಳು." ಅತ್ತೆ ಊಟಕ್ಕೂ ನಿಲ್ಲಲಿಲ್ಲ. ಅಲ್ಲಿಗೆ ಅಕ್ಕ-ತಂಗಿಯರ ಮಾತು ಕಟ್ಟಾಯಿತು.

ಆಮೇಲೆ ನಾವು ಎಸ್.ಎಸ್. ಬಡಾವಣೆಯ ಹೊಸ ಮನೆಗೆ ಬಂದೆವು. ಬೋರ್‌ವೆಲ್ ನೀರು, ಬಕೆಟ್ಟಿಗೇ ಬಿಳಿ ಪದರ ಕಟ್ಟುತ್ತಿತ್ತು. ಅತ್ತೆಯ ಕೂದಲು ತೆಂಗಿನ ನಾರಾಯಿತು, ಉದುರತೊಡಗಿತು. ಮೊದಲು ತಪ್ಪು ನನ್ನದೇ ಇತ್ತು. "ನಿನ್ನ ಶಾಂಪೂ ಗಾಳಿ ತಾಗೈತೆ ನೋಡು," ಎಂದರು. ಬರಬರುತ್ತ ಬೈಯುವುದನ್ನೂ ಬಿಟ್ಟು, ಸೆರಗು ಹೊದ್ದು ಒಳಗೇ ಕೂರತೊಡಗಿದರು. ನನಗೆ ಬೈಗುಳವೇ ವಾಸಿ ಅನಿಸಿತು.

"ಚಿಕ್ಕತ್ತೆ ಮನೇಲಿ ಹೊಳೆ ನೀರು ಬರ್ತೈತಲ್ರಿ ಅತ್ತೆ," ಎಂದೆ ಒಂದು ದಿನ. ಅವರು ಸೆರಗು ಎಳೆದುಕೊಂಡು ಮುಖ ತಿರುಗಿಸಿದರು. ಆದರೆ ಭಾನುವಾರ ಬೆಳಿಗ್ಗೆ ಸೀಗೆಪುಡಿ ಡಬ್ಬಿ, ಟವೆಲ್ಲು ಚೀಲಕ್ಕೆ ಹಾಕಿಕೊಂಡು ಚಪ್ಪಲಿ ಮೆಟ್ಟಿದ್ದರು. ನಾನೂ ಬಸ್ ಹತ್ತಿದೆ.

ಚಿಕ್ಕತ್ತೆ ಬಾಗಿಲು ತೆಗೆದರು.

"ನೀರಿಗೆ ಬಂದೀನಿ. ನಿನ್ನ ಮನೀಗಲ್ಲ," ಎಂದರು ಅತ್ತೆ.

"ನೀರು ಮನಿಯೊಳಗೇ ಐತೆ. ಬಾ," ಎಂದರು ಚಿಕ್ಕತ್ತೆ.

ಅಕ್ಕನನ್ನು ಮಣೆಯ ಮೇಲೆ ಕೂರಿಸಿ, ಬೆಚ್ಚಗೆ ಮಾಡಿದ ಕೊಬ್ಬರಿ ಎಣ್ಣೆ ಹಾಕಿ ತಿಕ್ಕಿದರು. ಉಗುರು ತಾಗಿಸದೆ, ಬೆರಳ ತುದಿಯಲ್ಲೇ. ಸ್ವಲ್ಪ ಹೊತ್ತು ಬಿಟ್ಟು ಸೀಗೆ ಕಲಸಿ ಹಚ್ಚಿ, ಉಗುರುಬೆಚ್ಚಗಿನ ನೀರು ಸುರಿದರು. ಅತ್ತೆ ಕಣ್ಣು ಮುಚ್ಚಿದ್ದರೂ ಬಾಯಿ ಮುಚ್ಚಿರಲಿಲ್ಲ. "ನೀರು ಹೆಂಗೆ ಹೋಗ್ತೈತೆ ನೋಡು. ಬಣ್ಣ ಬಿಡ್ತೈತೇನು?"

ಚಿಕ್ಕತ್ತೆ ಬಗ್ಗಿ ಮೋರಿಯನ್ನೇ ನೋಡಿದರು. "ಇಲ್ಲ ಬಿಡು ಅಕ್ಕ. ಸೋತೆ."

"ಜೋರಾಗಿ ಹೇಳು. ಸೊಸಿಗೂ ಕೇಳ್ಲಿ."

ಚಿಕ್ಕತ್ತೆ ಇನ್ನೊಂದು ತಂಬಿಗೆ ನೀರನ್ನು ಮುಖಕ್ಕೇ ಸುರಿದರು. ಅತ್ತೆ ಉಸಿರುಗಟ್ಟಿ ನಕ್ಕರು. ಆ ನಗು ಕೇಳಿ ಎಷ್ಟು ಕಾಲವಾಗಿತ್ತೋ! ಆಮೇಲೆ ಹಳೆಯ ಹತ್ತಿ ಸೀರೆಯಲ್ಲಿ ತಲೆ ಒತ್ತಿ ಒರೆಸುತ್ತ ಚಿಕ್ಕತ್ತೆ ಗದರಿದರು: "ಹಸಿ ಕೂದ್ಲಿಗೆ ಬಾಚಣಿಗೆ ಹಾಕಬ್ಯಾಡ. ಅದ್ಕೇ ಕಿತ್ತು ಬರೋದು." ಅತ್ತೆ ಮಗುವಿನಂತೆ ತಲೆಯಾಡಿಸಿದರು. ನಾನು ಹೇಳಿದ್ದರೆ ಒಂದು ಗಂಟೆ ಭಾಷಣವಾಗುತ್ತಿತ್ತು.

ಅಂದಿನಿಂದ ಭಾನುವಾರವೆಂದರೆ ಹರಿಹರ. ಉದುರುವುದು ಕಡಿಮೆಯಾಯಿತು. ತುರುಬು ಮೊದಲಿನಷ್ಟು ಆಗಲಿಲ್ಲ, ಜಂಬ ಮಾತ್ರ ಪೂರ್ತಿ ವಾಪಸ್ ಬಂತು.

ಈಚೆಗೆ ನಮ್ಮ ಮನೆಗೂ ಹೊಳೆ ನೀರಿನ ನಳ ಬಂತು. "ಇನ್ನು ಬಸ್ಸಿನ ಕಾಟ ತಪ್ಪಿತ್ರಿ ಅತ್ತೆ," ಎಂದೆ ಖುಷಿಯಿಂದ. ಈಗ ನಿಜಕ್ಕೂ ತಲೆ ನೆರೆತಿರುವ ಅತ್ತೆ, ನನ್ನನ್ನು ದಡ್ಡಿಯ ಹಾಗೆ ನೋಡಿದರು.

"ನಳ ನೀರು ಬಿಡ್ತೈತೆ. ತಲಿ ತಿಕ್ಕಿ ಬೈತೈತೇನು?"

ಇವತ್ತೂ ಭಾನುವಾರ. ಮೊದಲೆಲ್ಲ ನಾನು ಅವರ ಚೀಲ ಹಿಡಿಯಲು ಹೋಗುತ್ತಿದ್ದೆ. ಈ ಸಲ ತಂಗಿಗೆ ಫೋನ್ ಹಚ್ಚಿ ಹೇಳಿದ್ದು ಅವರೇ: "ನೀರು ಜಾಸ್ತಿ ಕಾಯ್ಸು. ಸೊಸಿಗೂ ಎರೀಬೇಕು."